ಒಂಟಿ ಹೆಣ್ಣುಮಕ್ಕಳಿಗೆ ಸಹಿ ಹಾಕೋರು ಯಾರು? ಆಸ್ಪತ್ರೆ, ಮನೆ, ಆಸ್ತಿ: ಗೊತ್ತಿದ್ದವರು ಹೇಳಿ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಮದುವೆ ಆಗಿಲ್ಲ, ಆಗಬೇಕು ಅಂತಲೂ ಇಲ್ಲ. ಆದ್ದರಿಂದ ಆ ವಿಷಯದಲ್ಲಿ ಯಾರೂ ಸಲಹೆ ಕೊಡುವುದು ಬೇಡ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ಸ್ವಂತ ಮನೆ. ಜೊತೆಗೆ ಅಮ್ಮ ಇದ್ದಾರೆ, ಅವರಿಗೆ 78. ಅಣ್ಣ ಪುಣೆಯಲ್ಲಿದ್ದಾನೆ.

ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಬೇಕು. ದುಡ್ಡಿದೆ, ಇನ್ಶೂರೆನ್ಸ್ ಇದೆ, ರಜೆಯೂ ಇದೆ. ಆದರೆ ಅಡ್ಮಿಷನ್ ಕೌಂಟರಿನ ಹುಡುಗ ಫಾರ್ಮನ್ನು ನನ್ನ ಕಡೆ ತಿರುಗಿಸಿ, ‘ಗಂಡ / ತಂದೆ / ಮಗ’ ಅಂತ ಅಚ್ಚಾಗಿದ್ದ ಜಾಗದ ಮೇಲೆ ಪೆನ್ನಿಟ್ಟು, “ಮೇಡಂ, ಇಲ್ಲಿ ಯಾರು ಸೈನ್ ಮಾಡ್ತಾರೆ?” ಅಂದ. ನಾನೇ ಮಾಡ್ತೀನಿ ಅಂದೆ. “ಪೇಷೆಂಟ್ ಮಾಡೋ ಹಾಗಿಲ್ಲ, ಗಂಡಸರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ” ಅಂದ. ಅಮ್ಮ ಮಾಡ್ತಾರೆ ಅಂದರೆ, ಅವರಿಗೆ ವಯಸ್ಸಾಗಿದೆ, ಬೇಡವಂತೆ. ಲಕ್ಷಗಟ್ಟಲೆ ಸಾಲದ ಕಾಗದಕ್ಕೆ ದಿನಾ ಸಹಿ ಹಾಕುವವಳು ನಾನು. ನನ್ನ ಹೊಟ್ಟೆಗೆ ನಾನು ಸಹಿ ಹಾಕುವ ಹಾಗಿಲ್ಲ!

ಕಾನೂನು ನಿಜವಾಗಿ ಏನು ಹೇಳುತ್ತದೆ? ನಿಮ್ಮಲ್ಲಿ ಒಬ್ಬರೇ ಇರುವವರು ಏನು ಮಾಡಿದ್ದೀರಿ? ಅಮ್ಮ ಇರುವವರೆಗೂ ಹೇಗೋ ನಡೆಯುತ್ತದೆ. ಆಮೇಲಿನದಕ್ಕೆ ಈಗಲೇ ಏನೇನು ಮಾಡಿಟ್ಟುಕೊಳ್ಳಬೇಕು?

ನರ್ಸಮ್ಮ

ತುಂಗಾ ಅವರೇ, ವಾರ್ಡಿನಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಒಳಗಿನ ವಿಷಯ ಹೇಳುತ್ತೇನೆ ಕೇಳಿ. ಆ ಹುಡುಗ ಎರಡು ಬೇರೆ ಬೇರೆ ಸಹಿಗಳನ್ನು ಒಂದೇ ಮಾಡಿಕೊಂಡಿದ್ದಾನೆ. ಒಂದು ಚಿಕಿತ್ಸೆಗೆ ಒಪ್ಪಿಗೆ. ಎಚ್ಚರ ಇದ್ದು, ಬುದ್ಧಿ ಸರಿ ಇದ್ದು, 18 ದಾಟಿದ್ದರೆ ಅದಕ್ಕೆ ನೀವೇ ಸಹಿ ಹಾಕಬೇಕು. ಇನ್ನೊಂದು ಬಿಲ್ಲಿಗೂ ಅಟೆಂಡರಿಗೂ ಸಂಬಂಧಪಟ್ಟದ್ದು. ರಾತ್ರಿ ಎರಡು ಗಂಟೆಗೆ ಏನಾದರೂ ಬೇಕಾದರೆ ಯಾರಿಗೆ ಫೋನ್ ಮಾಡೋದು, ಔಷಧಿ ಯಾರು ತರ್ತಾರೆ, ದುಡ್ಡು ಯಾರು ಕಟ್ತಾರೆ ಅನ್ನೋದಕ್ಕೆ ಅದು ಬೇಕು. ಅಲ್ಲಿ ಗಂಡನೇ ಆಗಬೇಕಿಲ್ಲ. ಗೆಳತಿ, ಸಹೋದ್ಯೋಗಿ, ಪಕ್ಕದ ಮನೆಯವರು ಯಾರಾದರೂ ಆಗಬಹುದು. ‘ಸಂಬಂಧ’ ಅಂತ ಇರುವ ಕಡೆ ‘ಗೆಳತಿ’ ಅಂತ ಬರೆಯಿರಿ, ತಲೆ ಹೋಗುವುದಿಲ್ಲ.

ಕೌಂಟರಿನಲ್ಲಿ ವಾದ ಮಾಡಬೇಡಿ. ಅವನಿಗೆ ಗೊತ್ತಿರುವುದು ಕಂಪ್ಯೂಟರಿನಲ್ಲಿ ಖಾಲಿ ಬಿಡಲಾಗದ ಒಂದು ಚೌಕ ಮಾತ್ರ. ಓಪಿಡಿಯಲ್ಲಿ ಸರ್ಜನ್ ಸಿಕ್ಕಾಗಲೇ ಹೇಳಿ: “ನಾನು ಒಬ್ಬಳೇ, ಒಪ್ಪಿಗೆ ನನ್ನದೇ, ತುರ್ತಿಗೆ ಈ ನಂಬರ್.” ಅದನ್ನು ಕೇಸ್ ಶೀಟಿನಲ್ಲಿ ಬರೆಸಿ. ಕೆಳಗಡೆ ಮತ್ತೆ ತಕರಾರು ಮಾಡಿದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ.

ಆದರೆ ಮೊದಲ ರಾತ್ರಿ ಒಬ್ಬರೇ ಇರ್ತೀನಿ ಅನ್ನಬೇಡಿ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ವಾಂತಿ ಬರುತ್ತದೆ, ತಲೆ ತಿರುಗುತ್ತದೆ, ಬಾತ್‌ರೂಮಿಗೆ ಹೋಗುವಾಗ ಬೀಳುವವರಿದ್ದಾರೆ. ಯಾರೂ ಸಿಗದಿದ್ದರೆ ಹೋಂ ನರ್ಸ್ ಕಳಿಸುವ ಏಜೆನ್ಸಿಗಳಿವೆ, ಒಂದು ರಾತ್ರಿಗೂ ಬರುತ್ತಾರೆ.

ಕಪ್ಪುಕೋಟು

ನರ್ಸಮ್ಮ ಹೇಳಿದ್ದು ಸರಿ. ಇದರ ಮೇಲೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ, 2008ರ ಜನವರಿಯದ್ದು. ಆ ಕೇಸಿನ ಹೆಣ್ಣುಮಗಳಿಗೂ ಆಗ 44, ಅವಿವಾಹಿತೆ. ರಕ್ತಸ್ರಾವ ಅಂತ 1995ರಲ್ಲಿ ದೆಹಲಿಯ ಕ್ಲಿನಿಕ್ಕಿಗೆ ಹೋಗಿದ್ದರು. ಲ್ಯಾಪರೋಸ್ಕೋಪಿ ಮಾಡಿ ನೋಡಲು ಒಪ್ಪಿಗೆ ಕೊಟ್ಟಿದ್ದರು. ಅವರಿಗೆ ಅರಿವಳಿಕೆ ಕೊಟ್ಟಿರುವಾಗಲೇ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಟ್ಟರು. ಜೀವಕ್ಕೆ ಅಪಾಯ ಇರುವ ತುರ್ತು ಬಿಟ್ಟರೆ, ಬುದ್ಧಿ ಸರಿ ಇರುವ ವಯಸ್ಕರ ಪರವಾಗಿ ಬೇರೆ ಯಾರೂ, ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ ಎಂದಿತು ಕೋರ್ಟು. ತೀರ್ಪು ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪರಿಹಾರ ಸಿಕ್ಕಿದ್ದು 25 ಸಾವಿರ ರೂಪಾಯಿ. ಕಳೆದುಕೊಂಡದ್ದಕ್ಕೆ ಅದು ಯಾವ ಲೆಕ್ಕ ಅನ್ನೋದು ಬೇರೆ ಮಾತು.

ನಿಮ್ಮ ವಿಷಯದಲ್ಲಿ ಅಣ್ಣ ಪುಣೆಯಿಂದ ಬಂದು ಸಹಿ ಹಾಕಿದರೂ ನಿಮ್ಮ ಸಹಿ ಇಲ್ಲದೆ ಅದಕ್ಕೆ ಬೆಲೆ ಇಲ್ಲ.

ಸುಮ್ನೆ ಓದೋನು

ಬೇಜಾರು ಮಾಡ್ಕೋಬೇಡಿ. ಕಾಲಕ್ಕೆ ಸರಿಯಾಗಿ ಮದುವೆ ಆಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅಲ್ವಾ? ಈಗಿನ ಹುಡುಗಿಯರು ಓದು, ಕೆಲಸ, ಸ್ವಾತಂತ್ರ್ಯ ಅಂತ ಕೂತು ಆಮೇಲೆ ಒದ್ದಾಡೋದು ಜಾಸ್ತಿ ಆಗಿದೆ.

ನರ್ಸಮ್ಮ

ಸುಮ್ನೆ ಓದೋನು ಅವರೇ, ಸುಮ್ನೆ ಓದಿ. ನಮ್ಮ ಫೀಮೇಲ್ ವಾರ್ಡಿಗೆ ಬಂದು ನೋಡಿ, ಗಂಡ ಇದ್ದೂ ಅಟೆಂಡರ್ ಇಲ್ಲದವರು ಎಷ್ಟು ಜನ ಅಂತ. ಹೆಂಗಸರ ಪಕ್ಕ ಕೂರುವುದು ಅಕ್ಕ, ತಂಗಿ, ಅಮ್ಮ, ಮಗಳು. ಗಂಡ ಬರುವುದು ಡಿಸ್ಚಾರ್ಜ್ ದಿನ, ಅದೂ ಬಿಲ್ ಜಾಸ್ತಿ ಆಯ್ತು ಅಂತ ಜಗಳಕ್ಕೆ.

ಪೀಣ್ಯ ಅಕ್ಕ

‘ಈಗಿನ ಹುಡುಗಿಯರು’ ಅಂದಿದ್ದಕ್ಕೆ ಒಂದು ಮಾತು. ನಾನು ಗಾರ್ಮೆಂಟ್ಸ್ ಹೆಂಗಸರ ಜೊತೆ ಕೆಲಸ ಮಾಡುವವಳು. ಒಂಟಿ ಹೆಣ್ಣು ಅಂದರೆ ನಿಮಗೆಲ್ಲ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಹುಡುಗಿ ಕಣ್ಣಿಗೆ ಬರುತ್ತಾಳೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಒಂಟಿ ಹೆಂಗಸರು 7.14 ಕೋಟಿ. 2001ರಲ್ಲಿ 5.12 ಕೋಟಿ ಇದ್ದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡ ಸತ್ತವರು. ಸ್ವಾತಂತ್ರ್ಯ ಬೇಕು ಅಂತ ಕೂತವರಲ್ಲ ಸ್ವಾಮಿ.

ನಮ್ಮ ಲೈನಿನಲ್ಲಿ ಜಾಸ್ತಿ ಕಾಣುವುದು ಗಂಡ ಬಿಟ್ಟು ಹೋದವರು. ಗಂಡ ಇದ್ದಾನೆ, ಎಲ್ಲಿದ್ದಾನೆ ಗೊತ್ತಿಲ್ಲ. ಡೈವೋರ್ಸ್ ಆಗಿಲ್ಲ, ಯಾರೂ ಕೋರ್ಟಿಗೇ ಹೋಗಿಲ್ಲ. ಇವರ ಪಾಡು ಕೇಳಿ. ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಊರಲ್ಲಿ ಅತ್ತೆಯ ಕಾರ್ಡಿನಲ್ಲೇ ಇರುತ್ತದೆ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತಲ್ಲ, ಮನೆ ಯಜಮಾನಿಗೆ ತಿಂಗಳಿಗೆ 2,000? ಕಾರ್ಡಿನ ಪ್ರಕಾರ ಯಜಮಾನಿ ಅತ್ತೆ. ಇವಳು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ಎರಡು ಮಕ್ಕಳನ್ನು ಸಾಕುತ್ತಿರುತ್ತಾಳೆ. ದುಡ್ಡು ಮಾತ್ರ ಬಿಟ್ಟು ಹೋದವನ ಅಮ್ಮನಿಗೆ.

ಇನ್ನು ಮನಸ್ವಿನಿ ಪಿಂಚಣಿ. 2013ರಲ್ಲಿ ಬಂದದ್ದು, 40ರಿಂದ 64 ವರ್ಷದ ಬಡ ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗೆ. ಈಗ ತಿಂಗಳಿಗೆ 800 ರೂಪಾಯಿ. ಬಿಟ್ಟುಹೋದ ಗಂಡನಿಂದ ವಿಚ್ಛೇದನದ ಕಾಗದ ಎಲ್ಲಿಂದ ತರುವುದು? ಅವಳು ಮದುವೆಯಾಗದವಳೂ ಅಲ್ಲ, ವಿಧವೆಯೂ ಅಲ್ಲ, ವಿಚ್ಛೇದಿತೆಯೂ ಅಲ್ಲ. ಯಾವ ಕಾಲಂಗೂ ಸೇರುವುದಿಲ್ಲ.

ಏನೂ ಕೇಳದೆ ಕೊಡುವುದು ಶಕ್ತಿ ಯೋಜನೆಯ ಬಸ್ಸೊಂದೇ. ಆಧಾರ್ ತೋರಿಸಿದರೆ ಸಾಕು, ಗಂಡ ಎಲ್ಲಿ ಅಂತ ಕಂಡಕ್ಟರ್ ಕೇಳುವುದಿಲ್ಲ.

ತುಂಗಾತೀರ

ಪೀಣ್ಯ ಅಕ್ಕ, ದಯವಿಟ್ಟು ಬರೆಯುತ್ತಿರಿ. ಸುಮ್ನೆ ಓದೋನು ಅವರಿಗೆ: ಮೊದಲ ಪ್ಯಾರಾ ಇನ್ನೊಮ್ಮೆ ಓದಿ.

ಜೋಳದ ರೊಟ್ಟಿ (ಬಾಗಲಕೋಟೆ)

ನಮ್ಮ ಸೋದರತ್ತಿಯದೊಂದು ಪ್ರಶ್ನೆ ಐತ್ರಿ, ಇಲ್ಲೇ ಕೇಳುತ್ತೇನೆ. ಅವರಿಗೀಗ 58. ಅಜ್ಜ, ಅಜ್ಜಿ ಇಬ್ಬರನ್ನೂ ಕೊನೆತನಕ ನೋಡಿಕೊಂಡವರು ಅವರೇ. ಲಗ್ನ ಆಗಲಿಲ್ಲ, ಕಾರಣ ಬ್ಯಾಡ ಬಿಡ್ರಿ. ಅಜ್ಜ 2011ರಲ್ಲಿ ತೀರಿಕೊಂಡ ಮೇಲೆ ಜಮೀನು ಪೌತಿ ಖಾತೆ ಆತು, ಅಂದ್ರ ವಾರಸುದಾರರ ಹೆಸರಿಗೆ ಬಂತು. ನಾಡಕಚೇರಿಗೆ ಕೊಟ್ಟ ವಂಶವೃಕ್ಷದಾಗ ನಮ್ಮ ಅಪ್ಪ, ಇಬ್ಬರು ಕಾಕಾ, ಅಷ್ಟೇ. ಅತ್ತಿ ಹೆಸರೇ ಇಲ್ಲ. ಇದ್ದ ಮನ್ಯಾಗ ಇದ್ದ ಮನುಷ್ಯಾಳನ್ನು ಗಿಡದಾಗ ಬರೀಲಿಲ್ಲ! ಪಹಣಿಯಲ್ಲೂ ಮೂವರೇ. ಈಗ ಸಣ್ಣ ಕಾಕಾ ಅವರ ಪಾಲು ಮಾರಲಿಕ್ಕೆ ಹೊಂಟಾರ. ಅತ್ತಿ ಕಡೆಯಿಂದ ಒಂದು ಸಹಿ ಬೇಕಂತ ಬಂದಾರ. ‘ಸುಮ್ನ ಹಕ್ಕು ಬಿಟ್ಟೇನಂತ ಬರದು ಕೊಡು, ನಾವೇನು ನಿನ್ನ ಹೊರಗ ಹಾಕ್ತೇವೇನು’ ಅಂತಾರ. ಏನು ಮಾಡಬೇಕು?

ಕಪ್ಪುಕೋಟು

ಮೊದಲು ಒಂದೇ ಮಾತು: ಅತ್ತೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಹಕ್ಕು ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಅದನ್ನು ಬಿಡಿಸಿಕೊಳ್ಳಲು ವರ್ಷಗಟ್ಟಲೆ ಬೇಕು.

ಈಗ ವಿಷಯಕ್ಕೆ ಬರೋಣ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದದ್ದು 2005ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಕರ್ನಾಟಕದಲ್ಲಿ ಅದಕ್ಕೂ 11 ವರ್ಷ ಮೊದಲೇ ನಮ್ಮದೇ ತಿದ್ದುಪಡಿ ಬಂದಿತ್ತು, 1994ರ ಜುಲೈ 30ರಿಂದ ಜಾರಿ. ಅದರಲ್ಲೊಂದು ಷರತ್ತು: ಆ ದಿನಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ. ಅಂದರೆ ಆ ದಿನ ಮದುವೆಯಾಗದೆ ಮನೆಯಲ್ಲಿದ್ದವರಿಗೆ ಗಂಡುಮಕ್ಕಳಷ್ಟೇ ಪಾಲು. ನಿಮ್ಮ ಅತ್ತೆಗೆ ಆಗ ಇಪ್ಪತ್ತೇಳರ ಆಸುಪಾಸು. ‘ಲಗ್ನ ಆಗಲಿಲ್ಲ’ ಅಂತ ಊರು ಕೊರಗುತ್ತಿದ್ದಾಗ ಕಾನೂನು ಅವರನ್ನು ಪಾಲುದಾರಳನ್ನಾಗಿ ಮಾಡಿ ಕೂರಿಸಿತ್ತು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರಿಗೂ ಬಂತು. ತಂದೆ ಆ ದಿನ ಬದುಕಿರಬೇಕಾ ಅನ್ನೋ ಗೊಂದಲವನ್ನು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಬಿಡಿಸಿತು, ಬೇಕಿಲ್ಲ ಅಂತ. ನಿಮ್ಮ ಅಜ್ಜ ಹೇಗೂ 2011ರವರೆಗೆ ಇದ್ದರು.

ಎರಡು ವಿಷಯ ಪತ್ತೆ ಮಾಡಿ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗ ಪತ್ರ ಆಗಿತ್ತಾ? ಆಗಿದ್ದರೆ ಕಥೆ ಬೇರೆ. ಅಜ್ಜ ವಿಲ್ ಬರೆದಿದ್ದರಾ? ಎರಡೂ ಇಲ್ಲದಿದ್ದರೆ ಪಹಣಿಯಲ್ಲಿ ಹೆಸರಿಲ್ಲ ಅನ್ನುವ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಮಾರಾಟಕ್ಕೆ ಮೊದಲೇ ತಹಸೀಲ್ದಾರರಿಗೆ ತಕರಾರು ಅರ್ಜಿ ಕೊಡಿ, ವಿಭಾಗ ದಾವೆ ಹಾಕಿ ತಡೆಯಾಜ್ಞೆ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ತಾಲೂಕು ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನ್ 15100.

ಜೋಳದ ರೊಟ್ಟಿ

ಅಪ್ಪನ ಪಾಲೂ ಕಮ್ಮಿ ಆಗ್ತೈತಿ ಅಂತ ಮನ್ಯಾಗ ಈಗ ನನ್ನ ಮೇಲೇ ಸಿಟ್ಟಾಗ್ಯಾರ. ಆದ್ರೂ ನಾಳೆ ಅತ್ತಿ ಕರಕೊಂಡು ಹೊಂಟೇನಿ.

ಹಾಸನದ ಕಾಫಿ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಮ್ಮವರು ಹೋದಾಗ ನನಗೆ ಮೂವತ್ತೊಂದು. ಮಕ್ಕಳಿಲ್ಲ. ಹೈಸ್ಕೂಲಿನಲ್ಲಿ ಟೀಚರ್, ಸ್ವಂತ ದುಡಿಮೆಯಲ್ಲೇ ಸೈಟು, ಮನೆ. ಅತ್ತೆ ಮನೆ ಕಡೆ ಸಂಬಂಧವೇ ಇಲ್ಲ.

ಆಸ್ಪತ್ರೆಯೇನೋ ಸರಿ, ಅಪರೂಪಕ್ಕೆ. ನನಗೆ ಕಷ್ಟ ಶ್ರಾವಣದ್ದು. ಹೋದ ವರಮಹಾಲಕ್ಷ್ಮಿಗೆ ಪಕ್ಕದ ಮನೆಯವರು ಬಾಯಿ ತುಂಬ ಕರೆದರು, ಹೋದೆ. ಎಲ್ಲರೂ ಸಾಲಾಗಿ ಚಾಪೆ ಮೇಲೆ ಕೂತಿದ್ದೆವು. ಆ ಮನೆ ಸೊಸೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಾ ಬಂದಳು. ನನ್ನ ಬಲಗಡೆಯವರಿಗೆ ಆಯಿತು. ಅವಳ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಅತ್ತೆ ಮುಖ ನೋಡಿದಳು, ಆಮೇಲೆ ನನ್ನ ಎಡಗಡೆಯವರಿಗೆ ಹೋಯಿತು. ತಾಂಬೂಲವೂ ಹಾಗೇ. ಹೊರಡುವಾಗ ಒಳಗಿನಿಂದ ಬಾಳೆಹಣ್ಣು, ಕೋಸಂಬರಿ ಕವರಿನಲ್ಲಿ ಹಾಕಿ ಪ್ರೀತಿಯಿಂದಲೇ ಕೊಟ್ಟರು. ಕೆಟ್ಟವರಲ್ಲ ಅವರು. ನನಗೆ ಜ್ವರ ಬಂದಾಗ ಗಂಜಿ ತಂದು ಕೊಟ್ಟವರೂ ಅವರೇ. ಅದಕ್ಕೇ ಏನೂ ಅನ್ನೋಕಾಗಲಿಲ್ಲ.

ಹೋಗಲಿ. ಕಪ್ಪುಕೋಟು ಸರ್, ನನ್ನದೂ ಒಂದು ಪ್ರಶ್ನೆ. ನನ್ನ ಮನೆ ನನ್ನ ತಂಗಿ ಮಗಳಿಗೆ ಹೋಗಬೇಕು ಅಂತ ಆಸೆ. ಬ್ಯಾಂಕಿನಲ್ಲಿ ಅವಳನ್ನೇ ನಾಮಿನಿ ಮಾಡಿದ್ದೇನೆ. ಸಾಕಲ್ವಾ?

ಕಪ್ಪುಕೋಟು

ಸಾಲದು ಮೇಡಂ, ಖಂಡಿತ ಸಾಲದು. ವಿಲ್ ಬರೆಯದೆ ಹೋದರೆ ನಿಮ್ಮ ಮನೆ ತಂಗಿ ಮಗಳಿಗಲ್ಲ, ನಿಮ್ಮ ಗಂಡನ ವಾರಸುದಾರರಿಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಸೆಕ್ಷನ್ 15 ಹೇಳುವುದು ಅದನ್ನೇ. ಮಕ್ಕಳು, ಗಂಡ ಇಲ್ಲದಿದ್ದರೆ ಮುಂದಿನ ಸರದಿ ಗಂಡನ ವಾರಸುದಾರರದ್ದು, ಆಮೇಲಷ್ಟೇ ಹೆತ್ತವರು. ತಂದೆ ತಾಯಿಯಿಂದ ಬಂದ ಆಸ್ತಿಗೆ ಮಾತ್ರ ಬೇರೆ ದಾರಿ: ಅದು ತಂದೆಯ ವಾರಸುದಾರರಿಗೆ ವಾಪಸ್. ಸ್ವಂತ ದುಡಿಮೆಯದ್ದಕ್ಕೆ ಆ ರಕ್ಷಣೆ ಇಲ್ಲ.

ಉತ್ಪ್ರೇಕ್ಷೆ ಅನ್ನಬೇಡಿ. 2009ರ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ. 1955ರಲ್ಲಿ ಮದುವೆಯಾದ ಹುಡುಗಿ. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಸತ್ತ. ಅತ್ತೆ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಹಿಡಿದರು, ಒಂದಷ್ಟು ದುಡ್ಡು ಕೂಡಿಟ್ಟರು. 1996ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಆ ದುಡ್ಡು ಹೋಗಿದ್ದು ಯಾರಿಗೆ ಗೊತ್ತಾ? ಓದಿಸಿದ ತವರಿಗಲ್ಲ, ನಲವತ್ತು ವರ್ಷ ತಿರುಗಿ ನೋಡದ ಗಂಡನ ಕಡೆಯವರಿಗೆ. ಅನುಕಂಪ ಬೇರೆ, ಕಾನೂನು ಬೇರೆ ಅನ್ನುವ ಧಾಟಿಯಲ್ಲೇ ತೀರ್ಪು ಬಂತು.

ತುಂಗಾ ಅವರಿಗೂ ಇದೇ ಉತ್ತರ. ನೀವು ಅವಿವಾಹಿತೆ, ಆದ್ದರಿಂದ ವಿಲ್ ಇಲ್ಲದಿದ್ದರೆ ಮೊದಲು ಅಮ್ಮನಿಗೆ, ಅವರ ನಂತರ ಅಣ್ಣನ ಕಡೆಗೆ. ರಾತ್ರಿ ಆಸ್ಪತ್ರೆಯಲ್ಲಿ ಕೂತ ಗೆಳತಿಗೆ ಕಾನೂನಿನಲ್ಲಿ ಜಾಗವಿಲ್ಲ.

ವಿಲ್ ಬರೆಯುವುದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸಹಿ, ಅದನ್ನು ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿಗಳು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ನಾಳೆ ಕೋರ್ಟಿಗೆ ಬಂದು ಹೇಳಬೇಕಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಜಗಳ ಕಮ್ಮಿ. ಮುಸ್ಲಿಮರಿಗೆ ಲೆಕ್ಕ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿಲ್ ಮೂಲಕ ಕೊಡಲಾಗದು.

ತುಂಗಾತೀರ

ನಾಮಿನಿ ವಿಷಯ ನಾನು ಹೇಳುತ್ತೇನೆ, ನನ್ನ ಅನ್ನದ ವಿಷಯ. ಬ್ಯಾಂಕಿನಲ್ಲಿ ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು ಅಷ್ಟೇ. ಅದು ಯಾರದ್ದು ಅನ್ನೋದು ವಿಲ್ ಅಥವಾ ವಾರಸುದಾರಿಕೆಯ ಮೇಲೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೂ ನಾಮಿನಿ ಹಾಕಬಹುದು. ನಾಮಿನಿ ಕಾಲಂ ಖಾಲಿ ಬಿಟ್ಟ ಒಂಟಿ ಹೆಂಗಸರ ಖಾತೆಗಳನ್ನು ದಿನಾ ನೋಡುತ್ತೇನೆ. ಕೇಳಿದರೆ, “ಯಾರನ್ನ ಹಾಕೋದು ಅಂತಲೇ ಗೊತ್ತಾಗಲ್ಲ ಕಣ್ರೀ” ಅನ್ನುತ್ತಾರೆ.

ಹಾಸನದ ಅಕ್ಕ, ಮುಂದಿನ ಶ್ರಾವಣಕ್ಕೆ ನಮ್ಮನೆಗೆ ಬನ್ನಿ. ನಮ್ಮಲ್ಲಿ ಅರಿಶಿನ ಕುಂಕುಮ ಕೊಡುವವಳು ನಾನೇ, ಅಮ್ಮನೂ ನಿಮ್ಮ ಹಾಗೇ.

ಎಚ್‌ಎಸ್‌ಆರ್ ಹುಡುಗಿ

ಬಾಡಿಗೆ ಮನೆ ಬಗ್ಗೆ ಯಾರೂ ಹೇಳಲಿಲ್ಲ. ನನಗೆ 34, ಟೀಮ್ ಲೀಡ್, ಸಂಬಳ ಓನರ್‌ಗಿಂತ ಜಾಸ್ತಿ ಇರಬಹುದು. ಮನೆ ನೋಡೋಕೆ ಹೋದರೆ, “ನಿಮ್ಮ ತಂದೆ ಬಂದು ಮಾತಾಡಲಿ” ಅಂತಾರೆ. ಅಪ್ಪ ಚಿತ್ರದುರ್ಗದಿಂದ ಬಸ್ಸಲ್ಲಿ ಬಂದು, ಓನರ್ ಜೊತೆ ಕಾಫಿ ಕುಡಿದು, ಅಡಿಕೆ ರೇಟಿನ ಬಗ್ಗೆ ಮಾತಾಡಿ, “ನಮ್ ಹುಡ್ಗಿ ಒಳ್ಳೇವಳು” ಅಂದ ಮೇಲೆ ಕೀ ಸಿಕ್ಕಿತು. ಅಡ್ವಾನ್ಸ್ ಕಟ್ಟಿದ್ದು ನಾನು. 11 ತಿಂಗಳ ಅಗ್ರಿಮೆಂಟಿನಲ್ಲಿ ‘ರಾತ್ರಿ ಹತ್ತರ ನಂತರ ಅತಿಥಿಗಳಿಗೆ ಪ್ರವೇಶವಿಲ್ಲ’ ಅಂತ ಕೈಬರಹದಲ್ಲಿ ಸೇರಿಸಿದ್ದರು. ಕೆಳಗಿನ ಮನೆ ಫ್ಯಾಮಿಲಿಯ ಅಗ್ರಿಮೆಂಟಿನಲ್ಲಿ ಆ ಸಾಲೇ ಇಲ್ಲ, ಕೇಳಿ ನೋಡಿದೆ.

ಬರ್ಲಿನ್ ಕನ್ನಡತಿ

ಇಲ್ಲಿಂದ ಒಂದು ವಿಷಯ ಹೇಳಬೇಕು ಅನಿಸಿತು. ಜರ್ಮನಿಯಲ್ಲಿ ಗಂಡ ಹೆಂಡತಿಗೂ ಒಬ್ಬರ ಪರ ಇನ್ನೊಬ್ಬರು ಚಿಕಿತ್ಸೆಯ ತೀರ್ಮಾನ ತೆಗೆದುಕೊಳ್ಳುವ ಹಕ್ಕು ತಾನಾಗಿಯೇ ಇರಲಿಲ್ಲ. 2023ರ ಜನವರಿ 1ರಿಂದ ಮಾತ್ರ ಬಂತು, ಅದೂ ತುರ್ತಿಗೆ, ಹೆಚ್ಚೆಂದರೆ ಆರು ತಿಂಗಳು. ಹಾಗಾಗಿ ಇಲ್ಲಿ ಮದುವೆಯಾದವರೂ ಆಗದವರೂ ಒಂದು ಕಾಗದ ಬರೆದಿಡುತ್ತಾರೆ: ನನಗೆ ಪ್ರಜ್ಞೆ ಇಲ್ಲದಿದ್ದರೆ ನನ್ನ ಪರ ಇಂಥವರು ಮಾತಾಡುತ್ತಾರೆ ಅಂತ. ನನ್ನದರಲ್ಲಿ ಧಾರವಾಡದ ಗೆಳತಿಯ ಹೆಸರಿದೆ, ಇಲ್ಲೇ ಎರಡು ಬೀದಿ ಆಚೆ ಇದ್ದಾಳೆ. ಆಸ್ಪತ್ರೆಯಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಊರಿನಲ್ಲಿ ಇಂಥದ್ದು ಇಲ್ವಾ?

ಕಪ್ಪುಕೋಟು

ಅರ್ಧ ಇದೆ, ಅರ್ಧ ಇಲ್ಲ. ಒಂಟಿ ಇರುವವರು ಸರಿಯಾಗಿ ತಿಳಿದುಕೊಳ್ಳಬೇಕಾದ ಜಾಗ ಇದೇ.

ಎಲ್ಲರೂ ‘ಜಿಪಿಎ ಮಾಡಿಸಿ’ ಅನ್ನುತ್ತಾರೆ, ಅಂದರೆ ನಿಮ್ಮ ಪರ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ. ಆದರೆ ನಮ್ಮ ಕರಾರು ಕಾಯ್ದೆಯ ಸೆಕ್ಷನ್ 201ರ ಪ್ರಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಕೋಮಾದಲ್ಲಿ ಇರುವವರ ಹಣ, ಆಸ್ತಿ ನೋಡಿಕೊಳ್ಳಲು ಮನೆಯವರೇ ಹೈಕೋರ್ಟಿಗೆ ಹೋಗಬೇಕಾದ ಉದಾಹರಣೆಗಳಿವೆ. ದಿನದ ಖರ್ಚಿಗೆ ತೊಂದರೆ ಆಗದ ಹಾಗೆ ನಂಬಿಕೆಯವರ ಜೊತೆ ಒಂದು ಜಂಟಿ ಖಾತೆ ಇಟ್ಟು, ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅಂತ ಮಾಡಿಡಿ. ಆಸ್ಪತ್ರೆ ಖರ್ಚಿಗಾಗುವಷ್ಟು ಮಾತ್ರ, ಇಡೀ ಉಳಿತಾಯ ಅಲ್ಲ.

ಚಿಕಿತ್ಸೆಗೆ ಸಂಬಂಧಿಸಿ ಒಂದು ಕಾಗದ ಇದೆ, ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್, ಅಂದರೆ ಮುಂಚೆಯೇ ಬರೆದಿಡುವ ಚಿಕಿತ್ಸೆಯ ಸೂಚನೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಅದರಲ್ಲಿ ನಿಮ್ಮ ಪರ ತೀರ್ಮಾನ ಮಾಡುವ ಕನಿಷ್ಠ ಇಬ್ಬರನ್ನು ಹೆಸರಿಸಬಹುದು, ರಕ್ತಸಂಬಂಧಿಗಳೇ ಆಗಬೇಕಿಲ್ಲ. ಆದರೆ ಇದು ಗುಣವಾಗುವ ಆಸೆ ಇಲ್ಲದ ಕೊನೆಯ ಹಂತಕ್ಕೆ. ತುಂಗಾ ಅವರ ಪಿತ್ತಕೋಶಕ್ಕೆ ಇದು ಬೇಡ, ಅವರ ಸಹಿಯೇ ಸಾಕು. ಮಾನಸಿಕ ಆರೋಗ್ಯದ ವಿಷಯಕ್ಕೆ ಮಾತ್ರ 2017ರ ಕಾಯ್ದೆ ಇನ್ನೂ ಸುಲಭ: ಬಿಳಿ ಹಾಳೆಯಲ್ಲಿ ಬರೆದು ಯಾರನ್ನು ಬೇಕಾದರೂ ಪ್ರತಿನಿಧಿ ಮಾಡಬಹುದು.

ಹುಬ್ಬಳ್ಳಿ ಅವ್ವ

ನಾನು ಒಬ್ಬಳೇ ಇದ್ದು ಮಗಳನ್ನು ದತ್ತು ತೆಗೆದುಕೊಂಡವಳು. ಕೇಳುವವರು ಬಹಳ ಮಂದಿ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಒಂಟಿ ಹೆಂಗಸು ಗಂಡು, ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. 2022ರ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕೆಂದರೆ ನಿಮಗೆ 40 ದಾಟಿರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಅದರ ಮೇಲೆ 55. ನಿಮಗೂ ಮಗುವಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ಕಾಯುವುದು ಬಹಳ. ಆದ್ದರಿಂದ ಮೂವತ್ತೈದರಲ್ಲೇ ಯೋಚನೆ ಬಂದರೆ ಅವತ್ತೇ ಹೆಸರು ಹಚ್ಚಿರಿ.

ಒಂದು ವಿಚಿತ್ರ ನೋಡಿ. ಮದುವೆಯಾಗದವಳು ಐವಿಎಫ್ ಮಾಡಿಸಿಕೊಳ್ಳಬಹುದು. ಬಾಡಿಗೆ ತಾಯ್ತನಕ್ಕೆ ಮಾತ್ರ 2021ರ ಕಾಯ್ದೆಯಲ್ಲಿ 35ರಿಂದ 45ರ ಒಳಗಿನ ವಿಧವೆ ಅಥವಾ ವಿಚ್ಛೇದಿತೆಗಷ್ಟೇ ಅವಕಾಶ. ಒಮ್ಮೆ ಗಂಡ ಅನ್ನೋನು ಬಂದು ಹೋಗಿರಬೇಕು!

ಶಾಲೆಯವರು ‘ತಂದೆ ಹೆಸರು’ ಖಾಲಿ ಬಿಡಬೇಡಿ ಅಂತ ಹಠ ಹಿಡಿದರೆ ದತ್ತು ಆದೇಶದ ಪ್ರತಿ ಕೊಡಿರಿ. ಪಾಸ್‌ಪೋರ್ಟಿಗೆ 2016ರ ಡಿಸೆಂಬರಿನಿಂದ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು. 2018ರ ಡಿಸೆಂಬರಿನಿಂದ ಪ್ಯಾನ್ ಕಾರ್ಡಿಗೂ ತಾಯಿ ಒಬ್ಬಳೇ ಇದ್ದರೆ ತಂದೆ ಹೆಸರು ಬೇಕಿಲ್ಲ. ದಿಲ್ಲಿ ಕಚೇರಿಗಳು ಬದಲಾದವು. ನಮ್ಮ ಓಣಿ ಸಾಲಿ ಕ್ಲರ್ಕ್ ಇನ್ನೂ ಬದಲಾಗಿಲ್ಲ.

ಹಳೇ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ತಂಗಿ ನಮ್ಮ ಜೊತೆಯೇ ಇದ್ದಾಳೆ, 61. ಅವಳಿಗೆ ಏನೂ ಕೊರತೆ ಮಾಡಿಲ್ಲ. ಮನೆ ನನ್ನ ಹೆಸರಿನಲ್ಲಿದೆ. ನನ್ನ ನಂತರ ಮಗ ನೋಡಿಕೊಳ್ಳುತ್ತಾನೆ, ಒಳ್ಳೆಯ ಹುಡುಗ. ಇಷ್ಟು ಸಾಲದೇ?

ಒಂಟಿ ಹೆಂಗಸರು ಎಂದಾಗಲೆಲ್ಲ ನನಗೆ ಆರ್. ಕಲ್ಯಾಣಮ್ಮನವರು ನೆನಪಾಗುತ್ತಾರೆ. ಬಾಲವಿಧವೆ. ಚಾಮರಾಜಪೇಟೆಯ ಮಕ್ಕಳ ಕೂಟ ಕಟ್ಟಿದವರು ಅವರೇ, 1938ರಲ್ಲಿ. ನಮ್ಮ ಕಾಲದಲ್ಲಿ ಅಂಥವರನ್ನು ಊರು ತಲೆಮೇಲೆ ಹೊತ್ತುಕೊಂಡಿತ್ತು.

ಪೀಣ್ಯ ಅಕ್ಕ

ಮೇಷ್ಟ್ರೇ, ತಲೆಮೇಲೆ ಹೊತ್ತಿದ್ದು ಕಲ್ಯಾಣಮ್ಮ ಅಷ್ಟು ಮಾಡಿ ತೋರಿಸಿದ ಮೇಲೆ. ಏನೂ ಕಟ್ಟದೆ ಸುಮ್ಮನೆ ಬದುಕುವ ಹೆಂಗಸಿಗೂ ಒಂದು ಕೋಣೆ ಬೇಕಲ್ವಾ? ನಿಮ್ಮ ತಂಗಿಗೆ ಮನೆಯಲ್ಲಿ ಬೀಗ ಹಾಕಿಕೊಳ್ಳುವ ಒಂದು ಕಪಾಟು ಇದೆಯಾ? ಸುಮ್ನೆ ಕೇಳಿದೆ.

ಕಪ್ಪುಕೋಟು

ಮೇಷ್ಟ್ರೇ, ಮಗ ಒಳ್ಳೆಯವನೇ ಇರಲಿ. ಆದರೆ ಅವನ ಒಳ್ಳೆಯತನದ ಮೇಲೆ ತಂಗಿಯನ್ನು ಬಿಡಬೇಡಿ. ನಿಮ್ಮ ವಿಲ್‌ನಲ್ಲಿ ‘ತಂಗಿ ಬದುಕಿರುವವರೆಗೂ ಈ ಮನೆಯಲ್ಲಿ ವಾಸಿಸುವ ಹಕ್ಕು’ ಅಂತ ಒಂದು ಸಾಲು ಸೇರಿಸಿ. ಮನೆ ಮಗನಿಗೇ ಹೋಗಲಿ. ಅವಳನ್ನು ಎಬ್ಬಿಸುವ ಹಾಗಿಲ್ಲ, ಅಷ್ಟೇ. ಇನ್ನೊಂದು: ನಿಮ್ಮ ತಂದೆಯ ಆಸ್ತಿ ಏನಾಯಿತು? ಮೇಲೆ ಜೋಳದ ರೊಟ್ಟಿಯವರಿಗೆ ಬರೆದದ್ದನ್ನು ಒಮ್ಮೆ ಓದಿ.

ಹಳೇ ಮೇಷ್ಟ್ರು

ಓದಿದೆ. ತಂಗಿಗೂ ಓದಿ ಹೇಳಿದೆ. ಕಪಾಟಿನ ವಿಷಯ ಕೇಳಿ ನಕ್ಕಳು. ಇಲ್ಲವಂತೆ.

ತುಂಗಾತೀರ

ಸರ್ಜನ್ ಹತ್ತಿರ ಮಾತಾಡಿದೆ. “ನಿಮ್ಮ ಸಹಿಯೇ ಸಾಕಲ್ಲಮ್ಮ, ಯಾರು ಹೇಳಿದ್ದು?” ಅಂದರು. ನಮ್ಮ ಬ್ರಾಂಚಿನ ಜವಾನರ ಹೆಂಡತಿ ರಾತ್ರಿ ಜೊತೆ ಇರ್ತೀನಿ ಅಂದಿದ್ದಾರೆ. ಪೀಣ್ಯ ಅಕ್ಕ, ನೀವು ಹೇಳಿದ ಗಂಡ ಬಿಟ್ಟುಹೋದವರಿಗೆ ದಾರಿಯೇ ಇಲ್ವಾ? ನಮ್ಮ ಬ್ಯಾಂಕಿಗೂ ಅಂಥವರು ಬರುತ್ತಾರೆ, ಏನು ಹೇಳಲಿ?

ಪೀಣ್ಯ ಅಕ್ಕ

ಇದೆ, ಸುತ್ತಾಟ ಜಾಸ್ತಿ. ಗಂಡ ಎಲ್ಲಿದ್ದಾನೆ ಗೊತ್ತಿದ್ದರೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಹಳೇ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125 ಅಂತ ಹೇಳುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು ಸೆಕ್ಷನ್ 144. ಡೈವೋರ್ಸ್ ಆಗಿರಲೇಬೇಕು ಅಂತಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಬಿಟ್ಟು ಹೋಗಿದ್ದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅದೇ ವಿಚ್ಛೇದನಕ್ಕೆ ಕಾರಣ ಆಗುತ್ತದೆ. ಏಳು ವರ್ಷ ಸುಳಿವೇ ಇಲ್ಲದಿದ್ದರೆ ಸತ್ತಂತೆ ಲೆಕ್ಕ ಅಂತ ಕೋರ್ಟಿನಿಂದ ಘೋಷಣೆ ಪಡೆಯಬಹುದು. ಎಲ್ಲದಕ್ಕೂ ಕಪ್ಪುಕೋಟು ಹೇಳಿದ 15100ಕ್ಕೇ ಮೊದಲ ಫೋನ್. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181.

ರೇಷನ್ ಕಾರ್ಡಿಗೆ ಮೊದಲು ಆಧಾರ್ ವಿಳಾಸ ಬದಲಾಯಿಸಿ. ಬಾಡಿಗೆ ಕರಾರು ಅವಳ ಹೆಸರಿನಲ್ಲೇ ಇರಲಿ, ಅಣ್ಣನ ಹೆಸರಿನಲ್ಲಿ ಬೇಡ. ಆಮೇಲೆ ಅತ್ತೆಯ ಕಾರ್ಡಿನಿಂದ ಹೆಸರು ತೆಗೆಸಿ, ಆಹಾರ ಇಲಾಖೆಗೆ ಬೇರೆ ಕಾರ್ಡಿಗೆ ಅರ್ಜಿ. ಹೊಸ ಅರ್ಜಿ ಯಾವಾಗಲೂ ತೆಗೆದುಕೊಳ್ಳುವುದಿಲ್ಲ, ಬಿಟ್ಟಾಗ ಹಾಕಬೇಕು. ಹಳೇ ಕಾರ್ಡಿನ ಜೆರಾಕ್ಸ್ ಸಿಗದಿದ್ದರೆ ನಂಬರ್ ಆದರೂ ಬರೆದುಕೊಂಡು ಬರಲು ಹೇಳಿ. ಆಧಾರ್ ನಂಬರ್ ಹಾಕಿದರೂ ಹೆಸರು ಯಾವ ಕಾರ್ಡಿನಲ್ಲಿದೆ ಅಂತ ನ್ಯಾಯಬೆಲೆ ಅಂಗಡಿಯವರು ನೋಡಿ ಹೇಳುತ್ತಾರೆ.